ಭೇಟಿ ಅಂದರೆ ಯಾವುದು

ಪ್ಲಮ್ ಫೋರ್ಕ್ ಊರಿನಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಆಡಿಸುವವರಿಗೆಲ್ಲ ಓದು ಬರುತ್ತದೆ. ಬ್ಯಾಂಕಿನವರಿದ್ದಾರೆ, ಹೈಸ್ಕೂಲಿನ ಮೇಷ್ಟ್ರಿದ್ದಾರೆ, ಬಿತ್ತನೆ ಬೀಜ ಮಾರುವ ಏಜೆಂಟರಿದ್ದಾರೆ. ಆದರೂ ಲೀಗಿನ ನಿಯಮಗಳಲ್ಲಿ ಒಂದು ಪುಟ್ಟ ನಿಯಮ ಮಾತ್ರ ಇವರಲ್ಲಿ ಒಬ್ಬನ ತಲೆಗೂ ಇಳಿದಿಲ್ಲ. ಇಳಿಯುವ ಲಕ್ಷಣವೂ ಕಾಣುವುದಿಲ್ಲ. ಅದು ದಿಬ್ಬದ ಭೇಟಿಯ ನಿಯಮ.

ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಚೆಂಡು ಎಸೆಯುವ ಮಗು, ಅಂದರೆ ಪಿಚರ್, ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತಿರುತ್ತದೆ. ಕೋಚ್‌ಗೆ ಆ ಮಗುವಿನ ಹತ್ತಿರ ಏನಾದರೂ ಹೇಳಬೇಕಾದರೆ ಅಂಪೈರ್‌ಗೆ ಕೇಳಿ, ಆಟ ನಿಲ್ಲಿಸಿ, ಸುಣ್ಣದ ಗೆರೆ ದಾಟಿ, ದಿಬ್ಬಕ್ಕೆ ಹೋಗಿ ಮಾತಾಡಿ ಬರಬಹುದು. ಅದು ಒಂದು ಭೇಟಿ. ಅದೇ ಇನಿಂಗ್ಸ್‌ನಲ್ಲಿ ಎರಡನೇ ಸಲ ಹೋದರೆ ಆ ಪಿಚರ್ ದಿಬ್ಬ ಇಳಿಯಲೇಬೇಕು, ಬೇರೆ ಮಗು ಬರಬೇಕು. ಗಾಯವಾದಾಗ ನೋಡಲು ಹೋದರೆ ಅದು ಲೆಕ್ಕಕ್ಕಿಲ್ಲ. ಇಷ್ಟೇ ಮಾರಾಯರೇ! ಇಷ್ಟನ್ನು ಹಿಡಿದುಕೊಂಡು ಈ ಬೇಸಿಗೆಯಲ್ಲಿ ಅವರು ಅಂಪೈರ್ ಲೋರೀನ್ ಹ್ರಾಬಕ್‌ಳ ತಲೆ ತಿಂದದ್ದು ಅಷ್ಟಿಷ್ಟಲ್ಲ.

ಒಬ್ಬ ಮಹಾಶಯ ಗೆರೆಯ ಅಂಚಿಗೆ ಬೂಟಿನ ತುದಿ ತಾಗಿಸಿ ನಿಂತು, "ದಾಟಿಲ್ಲ, ನೋಡಿ ಬೇಕಾದ್ರೆ, ದಾಟಿಲ್ಲ" ಎನ್ನುತ್ತ ಅಲ್ಲಿಂದಲೇ ಗಂಟಲು ಹರಿಯುವಂತೆ ಪಾಠ ಮಾಡಿದ್ದ. ಇನ್ನೊಬ್ಬ ನೀರಿನ ಬಾಟಲಿ ಕೊಟ್ಟು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹುಡುಗನನ್ನು ದಿಬ್ಬಕ್ಕೆ ಕಳಿಸಿದ. ಬಾಟಲಿಯ ಜೊತೆಗೆ ಸಂದೇಶವೂ ಹೋಯಿತು. ಮತ್ತೊಂದು ದಿನ ಒಬ್ಬಳು ತಾಯಿ ಯಾರನ್ನೂ ಕೇಳದೆ ನೇರ ದಿಬ್ಬಕ್ಕೆ ನಡೆದುಹೋಗಿ ಮಗನ ಮೂಗಿಗೆ ಬಿಸಿಲಿನ ಕ್ರೀಮು ಹಚ್ಚತೊಡಗಿದಳು. ಎದುರು ತಂಡದ ಕೋಚ್ ಅದನ್ನೂ ಭೇಟಿ ಎಂದು ಲೆಕ್ಕ ಹಾಕಬೇಕೆಂದು ಹಟ ಹಿಡಿದ. ಆ ದಿನ ಲೋರೀನ್ ಮನೆಗೆ ಹೋಗಿ ಕತ್ತಲೆ ಕೋಣೆಯಲ್ಲಿ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

ವಾರದ ದಿನಗಳಲ್ಲಿ ಅವಳು ಕೌಂಟಿ ಕಚೇರಿಯಲ್ಲಿ ವಾಹನಗಳ ನಂಬರ್ ಪ್ಲೇಟ್ ಕೊಡುವ ಕೌಂಟರ್‌ನಲ್ಲಿ ಕೂರುತ್ತಾಳೆ. ಅಲ್ಲಿಯೂ ಜನ ಜಗಳಕ್ಕೇ ಬರುತ್ತಾರೆ. ಆದರೆ ಅಲ್ಲಿ ನಡುವೆ ಗಾಜು ಇದೆ. ಇಲ್ಲಿ ಗಾಜೂ ಇಲ್ಲ, ಹೆಸರೂ ಇಲ್ಲ. ನೀಲಿ ಅಂಗಿ ತೊಟ್ಟು, ಮುಖಕ್ಕೆ ಕಬ್ಬಿಣದ ಮುಖವಾಡ ಏರಿಸಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ನಿಂತ ಕೂಡಲೇ ಅಂಪೈರ್ ಎಂಬ ಪ್ರಾಣಿಯ ಹೆಸರು 'ಬ್ಲೂ'. ಬ್ಲೂ ಕುರುಡಿ, ಬ್ಲೂ ಕಿವುಡಿ, ಬ್ಲೂ ಎದುರಾಳಿ ಊರಿನವರ ಹತ್ತಿರ ಲಂಚ ತಿಂದಿದ್ದಾಳೆ. ಮಳೆ ಬಂದು ಆಟ ನಿಂತರೂ ಬ್ಲೂನದೇ ತಪ್ಪು. ಹಿಂದಿನ ಅಂಪೈರ್ ಈ ಬೈಗುಳಕ್ಕೆ ಬೇಸತ್ತು ಒಂದು ದೋಣಿ ಕೊಂಡುಕೊಂಡು ಮೀನು ಹಿಡಿಯಲು ಹೊರಟುಹೋದ. ಬೇರೆ ಯಾರೂ ಒಪ್ಪದಿದ್ದಾಗ ಲೋರೀನ್ ಒಪ್ಪಿದಳು. ಒಪ್ಪಿದ ಗಳಿಗೆಯನ್ನು ಪ್ರತಿ ಶನಿವಾರ ಶಪಿಸುತ್ತಾಳೆ, ಪ್ರತಿ ಶನಿವಾರ ಬರುತ್ತಾಳೆ.

ಆ ಶನಿವಾರವೂ ಬಂದಿದ್ದಳು. ಜುಲೈ ಬಿಸಿಲು ನೆತ್ತಿ ಸುಡುತ್ತಿತ್ತು. ಬೇಲಿಯಾಚೆ ಮೆಕ್ಕೆಜೋಳದ ಹೊಲದಿಂದ ಒಂದು ಎಲೆಯೂ ಅಲುಗದೆ ಸೆಕೆ ಬರುತ್ತಿತ್ತು. ಪ್ಲಮ್ ಫೋರ್ಕ್‌ಗೂ ಪಕ್ಕದ ಆಲ್ಡರ್ ಕ್ರೀಕ್‌ಗೂ ಪಂದ್ಯ, ಎರಡೂ ಕಡೆ ಹನ್ನೆರಡು ವರ್ಷದ ಮಕ್ಕಳು. ಆಟ ಕೊನೆಯ ಇನಿಂಗ್ಸ್‌ಗೆ ಬಂದಿತ್ತು. ಪ್ಲಮ್ ಫೋರ್ಕ್ ಎರಡು ರನ್ ಮುಂದಿತ್ತು, ಆಲ್ಡರ್ ಕ್ರೀಕ್ ಬ್ಯಾಟಿಂಗ್‌ನಲ್ಲಿತ್ತು, ಅವರ ಮೂವರು ಔಟಾದರೆ ಆಟ ಮುಗಿದಂತೆ. ಪ್ಲಮ್ ಫೋರ್ಕ್ ಪರವಾಗಿ ದಿಬ್ಬದ ಮೇಲೆ ಮೊದಲ ಎಸೆತದಿಂದ ನಿಂತಿದ್ದವಳು ಟೆಸ್ಸಾ ಪೊಕೋರ್ನಿ.

ಟೆಸ್ಸಾ ಆ ತಂಡದ ಒಬ್ಬಳೇ ಹುಡುಗಿ. ಏಪ್ರಿಲ್‌ನಲ್ಲಿ ತಂಡ ಕಟ್ಟುವಾಗ ಯಾರೋ ಒಬ್ಬ ತಂದೆ, "ಚೆನ್ನಾಗಿ ಎಸೀತಾಳೆ, ಇಲ್ಲ ಅನ್ನಲ್ಲ. ಆದ್ರೆ ಹುಡುಗಿ ಅಲ್ವಾ, ಅರ್ಧ ಆಟಕ್ಕೆ ಸುಸ್ತಾಗಿ ಬಿಡ್ತಾಳೆ" ಎಂದಿದ್ದ. ಅದು ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವಳಿಗೆ ಒಂದೇ ಹಟ. ಒಂದು ಪಂದ್ಯವನ್ನಾದರೂ ಮೊದಲಿನಿಂದ ಕೊನೆಯವರೆಗೆ ತಾನೊಬ್ಬಳೇ ಎಸೆದು ಮುಗಿಸಬೇಕು. ಇವತ್ತು ಇನ್ನು ಒಂದೇ ಇನಿಂಗ್ಸ್ ಉಳಿದಿತ್ತು. ಲೀಗ್ ಇಟ್ಟಿರುವ ಎಸೆತಗಳ ಮಿತಿಯೂ ಮುಟ್ಟಿರಲಿಲ್ಲ. ಅವಳ ಹಟ ಊರಿಗೆಲ್ಲ ಗೊತ್ತಿತ್ತು, ಬೇಲಿಗೆ ಒರಗಿ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗಿಯುತ್ತಿದ್ದವರಿಗೂ ಗೊತ್ತಿತ್ತು.

ಲೋರೀನ್‌ಗೆ ಟೆಸ್ಸಾ ಕಂಡರೆ ಇಷ್ಟ. ಹೊರಗೆ ತೋರಿಸುವಂತಿಲ್ಲ, ಬ್ಲೂ ಅಲ್ಲವೇ! ಆದರೆ ವಸಂತದಲ್ಲಿ ಊರಿನ ಲೈಬ್ರರಿಯಲ್ಲಿ ಅವಳು ಮಕ್ಕಳಿಗೆ ನಿಯಮಗಳ ಪಾಠ ಮಾಡಿದಾಗ ಮಿಕ್ಕ ಮಕ್ಕಳೆಲ್ಲ ಮೇಜಿನ ಕೆಳಗೆ ಒಬ್ಬರನ್ನೊಬ್ಬರು ಒದೆಯುತ್ತಿದ್ದರು. ಇವಳೊಬ್ಬಳು ಮುಂದಿನ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಳು, ಪ್ರಶ್ನೆ ಕೇಳಿದಳು. "ಬ್ಲೂ ಹೇಳಿದ್ರೆ ಅದು ಹಾಗೇನೇ ಅಲ್ವಾ?" ಎಂದು ಕೊನೆಗೆ ಖಚಿತ ಮಾಡಿಕೊಂಡು ಹೋದಳು. ಈ ಊರಿನಲ್ಲಿ ಬ್ಲೂ ಹೇಳಿದ್ದು ನಿಜವೆಂದು ನಂಬುವ ಜೀವ ಅದೊಂದೇ.

ಮೊದಲ ಬ್ಯಾಟರ್ ಹೊಡೆದ ಚೆಂಡು ನೆಲಕ್ಕೆ ಪುಟಿದು ನೇರವಾಗಿ ಟೆಸ್ಸಾಳ ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ಅವಳು ಕುಂಟುತ್ತಲೇ ಚೆಂಡು ಹಿಡಿದು, ಅವನು ಓಡಿ ಮುಟ್ಟಬೇಕಾದ ಮೊದಲ ಬೇಸ್‌ಗೆ ಎಸೆದು ಅವನನ್ನು ಔಟ್ ಮಾಡಿದಳು, ಆಮೇಲೆ ಕೂತುಬಿಟ್ಟಳು. ಲೋರೀನ್ ಕೈ ಎತ್ತಿ ಆಟ ನಿಲ್ಲಿಸಿದಳು. ಪ್ಲಮ್ ಫೋರ್ಕ್ ತಂಡ ಕೂರುವ ಡಗೌಟ್ ಕಡೆ ತಿರುಗಿ, "ಟ್ರೆಂಟ್, ಬಂದು ನೋಡು" ಎಂದು ಕರೆದಳು.

ಟ್ರೆಂಟ್ ಪೊಕೋರ್ನಿ ಪ್ಲಮ್ ಫೋರ್ಕ್ ತಂಡದ ಕೋಚ್, ಟೆಸ್ಸಾಳ ಅಪ್ಪ. ದೈತ್ಯ ದೇಹ, ಮೆತ್ತನೆ ಮಾತು. ಟ್ರ್ಯಾಕ್ಟರ್ ರಿಪೇರಿ ಮಾಡುವ ಅವನ ಕೈಗಳು ಎಷ್ಟು ದೊಡ್ಡವೆಂದರೆ ಮಗಳ ಕಾಲು ಅದರಲ್ಲಿ ಕಡ್ಡಿಯಂತೆ ಕಂಡಿತು. ಒತ್ತಿ ನೋಡಿದ, ಐಸ್ ಚೀಲ ಇಟ್ಟ, ಅವಳು ಎದ್ದು ನಿಂತು ಕುಣಿದು ತೋರಿಸಿದಳು, ಅವನು ಹೊರಟ. ಅವನು ಗೆರೆ ದಾಟುವಷ್ಟರಲ್ಲಿ ಆ ಕಡೆಯ ಡಗೌಟ್‌ನಿಂದ ಗ್ಯಾರೆಟ್ ಲುಂಡ್ ಹೊರಗೆ ಬಂದ.

ಲುಂಡ್ ಆಲ್ಡರ್ ಕ್ರೀಕ್‌ನ ಕೋಚ್. ಕೈಯಲ್ಲಿ ಫೋನು, ಫೋನಿನಲ್ಲಿ ನಿಯಮಗಳು. ದೊಡ್ಡವರ ಪಂದ್ಯದ್ದೋ, ಕಾಲೇಜಿನದ್ದೋ, ಜಪಾನಿನದ್ದೋ, ದೇವರಿಗೇ ಗೊತ್ತು.

"ಒಂದು ಭೇಟಿ ಆಯ್ತು ಬ್ಲೂ! ಬರ್ಕೊಳ್ಳಿ!"

"ಆಗಿಲ್ಲ. ಗಾಯ."

"ಗೆರೆ ದಾಟಿದ್ದಾನೆ, ದಿಬ್ಬಕ್ಕೆ ಹೋಗಿದ್ದಾನೆ, ಮಾತಾಡಿದ್ದಾನೆ. ಇನ್ನೇನು, ಕಾಫಿ ಕುಡಿದ್ರೆ ಮಾತ್ರ ಭೇಟಿನಾ?"

"ಲುಂಡ್, ಚೆಂಡು ಹುಡುಗಿ ಕಾಲಿಗೆ ಬಿದ್ದಿದ್ದು ನೀನೂ ನೋಡಿದೆ. ನಾನೇ ಕರೆದೆ. ಗಾಯ ನೋಡೋಕೆ ಬಂದ್ರೆ ಭೇಟಿ ಅಲ್ಲ. ಲೆಕ್ಕ ಸೊನ್ನೆ." ಲೋರೀನ್ ಪ್ಲಮ್ ಫೋರ್ಕ್ ಕಡೆಗೂ ತಿರುಗಿದಳು. "ಕೇಳಿಸ್ತಾ ಟ್ರೆಂಟ್? ಸೊನ್ನೆ!"

ಟ್ರೆಂಟ್ ತಲೆ ಆಡಿಸಿದ. ಟೆಸ್ಸಾಳೂ ದಿಬ್ಬದ ಮೇಲಿಂದ ತಲೆ ಆಡಿಸಿದಳು. ಲುಂಡ್ ಒಬ್ಬ ಮಾತ್ರ ಆಕಾಶಕ್ಕೆ ಕೈ ಎತ್ತಿ ಯಾರಿಗೋ ದೂರು ಕೊಟ್ಟು ಒಳಗೆ ಹೋದ.

ಮುಂದಿನ ಬ್ಯಾಟರ್‌ಗೆ ಟೆಸ್ಸಾ ಎಸೆದ ನಾಲ್ಕೂ ಎಸೆತ ಹೊರಗೆ ಹೋದವು. ಅವನು ಪುಕ್ಕಟೆ ಮೊದಲ ಬೇಸ್‌ಗೆ ನಡೆದ. ಲೋರೀನ್‌ಗೆ ಅದು ಸರಿ ಬರಲಿಲ್ಲ. ಪ್ಲೇಟ್ ಹಿಂದೆ ಕೂತವರಿಗೆ ಬೇಲಿ ಹಿಂದೆ ಕೂತವರಿಗಿಂತ ಹೆಚ್ಚು ಕಾಣುತ್ತದೆ. ಬೆಳಗ್ಗೆ ಕ್ಯಾಚರ್‌ನ ಗ್ಲೌಸಿಗೆ ಫಟ್ಟೆಂದು ಬಂದು ಬೀಳುತ್ತಿದ್ದ ಚೆಂಡು ಈಗ ದಾರಿಯಲ್ಲೇ ಸೋತು ಇಳಿಯುತ್ತಿತ್ತು. ಕಾಲಿನಿಂದಲೇ ಇರಬೇಕು ಎಂದುಕೊಂಡಳು.

ಇನ್ನೊಬ್ಬ ಬ್ಯಾಟರ್ ಬಂದು ನಿಂತ. ಒಂದು ಎಸೆತ ಅವನ ತಲೆಯ ಮೇಲೆ ಹಾರಿತು. ಟ್ರೆಂಟ್ ಡಗೌಟ್‌ನಿಂದ ಎದ್ದ.

"ಟೈಮ್, ಬ್ಲೂ."

ಲೋರೀನ್ ಆಟ ನಿಲ್ಲಿಸಿದಳು. ಟ್ರೆಂಟ್ ಗೆರೆ ದಾಟಿ ದಿಬ್ಬಕ್ಕೆ ಹೋದ. ಮಗಳ ಮುಂದೆ ನಿಂತು ಟೋಪಿ ಸರಿ ಮಾಡಿಕೊಂಡ, ಮೂಗು ಒರೆಸಿಕೊಂಡ, ಹೊಲದ ಕಡೆ ನೋಡಿದ. ಒಂದು ಮಾತೂ ಆಡಿದ ಹಾಗೆ ಕಾಣಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಹಣೆಗೆ ಕೈ ಬಡಿದುಕೊಂಡು ಊರಿಗೆಲ್ಲ ಕೇಳುವಂತೆ ಕೂಗಿದ.

"ಅಯ್ಯೋ! ಇದು ಎರಡನೇದಲ್ವಾ ಬ್ಲೂ? ಥೂ, ಮರೆತೇಬಿಟ್ಟೆ ನೋಡಿ. ಏನ್ಮಾಡೋದು, ನಿಯಮ ಅಂದ್ರೆ ನಿಯಮ. ಇಳಿಬೇಕಾಗುತ್ತೆ ಟೆಸ್ಸಾ. ನಾನೇನೂ ಮಾಡೋಕಾಗಲ್ಲ."

ಲೋರೀನ್ ಮುಖವಾಡ ಮೇಲಕ್ಕೆತ್ತಿದಳು. ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅವಳಿಗೇ ಅನುಮಾನ.

"ಎರಡನೇದಲ್ಲ. ಒಂದನೇದು."

"ಎರಡು ಬ್ಲೂ, ಎರಡು! ಅವನೇ ಒಪ್ಕೊಂಡ!" ಲುಂಡ್ ಕುಣಿಯುತ್ತ ಹೊರಗೆ ಬಂದ. "ಗಂಡಸು ಅಂದ್ರೆ ಅವನು. ಹುಡುಗಿ ಇಳೀಲಿ!"

ನೋಡಿ, ಈ ಎರಡು ಊರುಗಳು ನೀರಿಗೆ ಜಗಳವಾಡಿವೆ, ರಸ್ತೆಗೆ ಜಗಳವಾಡಿವೆ, ಹೈಸ್ಕೂಲು ಯಾವ ಊರಲ್ಲಿರಬೇಕು ಎಂದು ಕೋರ್ಟು ಹತ್ತಿವೆ. ಯಾವುದಕ್ಕೂ ಒಮ್ಮತವಿಲ್ಲದ ಈ ಎರಡು ಊರಿನ ಕೋಚ್‌ಗಳು ಇವತ್ತು ಒಂದಾಗಿ ಒಂದು ತಪ್ಪು ಲೆಕ್ಕಕ್ಕೆ ಸಾಕ್ಷಿ ಹೇಳುತ್ತಿದ್ದರು. ಲೋರೀನ್‌ಗೆ ಮೈಯೆಲ್ಲ ಉರಿದುಹೋಯಿತು.

"ಇಬ್ಬರೂ ಕೇಳಿ! ಗಾಯಕ್ಕೆ ಬಂದದ್ದು ಸೊನ್ನೆ. ಆಗ್ಲೇ ಹೇಳಿದ್ದೀನಿ, ಇಬ್ಬರ ಮುಂದೆನೂ ಹೇಳಿದ್ದೀನಿ. ಇದು ಒಂದು. ಅವಳು ಇಳೀಬೇಕಾಗಿಲ್ಲ. ಲುಂಡ್, ಒಳಗೆ ಹೋಗು. ಆ ಫೋನ್ ಇನ್ನೊಂದ್ಸಲ ತೋರಿಸಿದ್ರೆ ಜೋಳದ ಹೊಲಕ್ಕೆ ಎಸೀತೀನಿ."

ಟ್ರೆಂಟ್ ತಲೆ ತಗ್ಗಿಸಿ ಹೊರಟ. ಗೆರೆ ದಾಟಿದ. ದಾಟಿ, ನಿಂತ. ಲೋರೀನ್ ಕಡೆ ಒಮ್ಮೆ ನೋಡಿದ. ನೋಡಿ, ಗಿರ್ರನೆ ತಿರುಗಿ ಮತ್ತೆ ಗೆರೆಯ ಒಳಕ್ಕೆ ಕಾಲು ಎತ್ತಿದ!

"ಏಯ್ ಏಯ್ ಏಯ್!" ಲೋರೀನ್ ಓಡಿಬಂದು ಅವನ ಎದೆಗೆ ಕೈ ಅಡ್ಡ ಹಿಡಿದಳು. "ಏನ್ ಮಾಡ್ತಿದ್ದೀಯಾ?"

"ಎರಡನೇ ಭೇಟಿ."

"ಅದೇ ಬ್ಯಾಟರ್ ನಿಂತಿರುವಾಗ ಮತ್ತೆ ಬರೋ ಹಾಗಿಲ್ಲ! ಅದೂ ನಿಯಮದಲ್ಲಿದೆ! ಯಾರಾದರೂ ಪೂರ್ತಿ ಓದ್ತೀರೇನ್ರೋ ನೀವು?" ಅವಳಿಗೆ ಉಸಿರು ಸಿಕ್ಕಿಕೊಂಡಿತು. "ಟ್ರೆಂಟ್, ನೀನು ಕುಂಟುಬಿಲ್ಲೆ ಆಡೋ ವಯಸ್ಸಿಂದ ನಿನ್ನ ನೋಡಿದ್ದೀನಿ. ನಿನಗೆ ಬಿಸಿಲು ಹೊಡೀತಾ? ಅವಳನ್ನ ಇಳಿಸಬೇಕು ಅಂದ್ರೆ ಇಳಿಸು. ಕೋಚ್ ನೀನು. ಯಾವಾಗ ಬೇಕಾದ್ರೂ ಇಳಿಸಬಹುದು. ಅದಕ್ಕೆ ಭೇಟಿ ಲೆಕ್ಕ ಯಾಕೆ?"

ಟ್ರೆಂಟ್ ಸುತ್ತ ನೋಡಿ ದನಿ ತಗ್ಗಿಸಿದ.

"ಲೋರೀನ್, ದಮ್ಮಯ್ಯ. ಎರಡು ಅಂತ ಲೆಕ್ಕ ಹಾಕಿ. ಒಂದೇ ಒಂದ್ಸಲ."

"ಯಾಕೆ?"

"ಅವಳ ಮೊಣಕೈ ನೋಯ್ತಾ ಇದೆ. ಅನ್ಸುತ್ತೆ. ನಿನ್ನೆ ರಾತ್ರಿ ಊಟಕ್ಕೆ ಎಡಗೈಲಿ ಚಮಚ ಹಿಡಿದಿದ್ಲು. ಇವತ್ತು ಎಸೆದ ಮೇಲೆ ಪ್ರತಿ ಸಲ ಕೈನ ತೊಡೆಗೆ ಒತ್ತಿಕೊಳ್ತಾಳೆ."

"ಕೇಳಿದ್ಯಾ?"

"ಇಲ್ಲ."

"ಯಾಕೆ ಕೇಳಿಲ್ಲ?"

"ಕೇಳಿದ್ರೆ ಇಲ್ಲ ಅಂತಾಳೆ. ಇಳಿಸಿದ್ರೆ ಮಾತು ಬಿಡ್ತಾಳೆ. ಹೋದ ತಿಂಗಳು ಒಂದ್ಸಲ ಇಳಿಸಿದೆ, ನಿಮಗೆ ನೆನಪಿರಬಹುದು. ಮನೆಗೆ ಹೋಗೋ ದಾರೀಲಿ ಒಂದಕ್ಷರ ಮಾತಾಡಲಿಲ್ಲ. ಆಮೇಲೆ, ನಾನು ಓಮಾಹಾಗೆ ಅಮ್ಮನ ಹತ್ರ ಹೋಗಿ ಇರ್ತೀನಿ ಅಂದ್ಲು. ಅವಳು ಹೋದ್ರೆ ಆ ಮನೇಲಿ ನಾನೊಬ್ಬನೇ ಏನ್ ಮಾಡ್ಲಿ?" ಅವನು ಟೋಪಿಯ ಅಂಚಿನಿಂದ ಕಣ್ಣು ಒರೆಸಿಕೊಂಡ. "ನೀವು ಇಳಿಸಿದ್ರೆ ಅವಳು ನಿಮ್ಮನ್ನ ಬೈಕೊಳ್ತಾಳೆ, ನನ್ನನ್ನಲ್ಲ. ನಿಮಗೇನು ನಷ್ಟ ಲೋರೀನ್? ನಿಮ್ಮನ್ನ ಹೇಗೂ ಎಲ್ಲರೂ ಬೈತಾರೆ."

ಲೋರೀನ್ ಅವನ ಎದೆಗೆ ಅಡ್ಡ ಹಿಡಿದಿದ್ದ ಕೈಯನ್ನು ಇಳಿಸಿದಳು. ಇಷ್ಟು ವರ್ಷ ಅವಳನ್ನು ಕುರುಡಿ ಎಂದವರಿದ್ದಾರೆ, ಪಕ್ಷಪಾತಿ ಎಂದವರಿದ್ದಾರೆ, ಒಬ್ಬಳು ಅಜ್ಜಿ ಚೀಸ್ ಹಾಕಿದ ಚಿಪ್ಸ್ ತಟ್ಟೆಯನ್ನೇ ಬೇಲಿಯ ಮೇಲಿಂದ ಎಸೆದಿದ್ದಾಳೆ. ಆದರೆ ಇಷ್ಟು ವಿನಯದಿಂದ, ಕಣ್ಣಲ್ಲಿ ನೀರು ತುಂಬಿಕೊಂಡು, ನಿಮ್ಮನ್ನು ಬೈಯುವುದಕ್ಕೆ ಇನ್ನೊಬ್ಬಳನ್ನು ಕೊಡುತ್ತೇನೆ ಎಂದು ಯಾರೂ ಬಂದಿರಲಿಲ್ಲ. ಕಪಾಳಕ್ಕೆ ಹೊಡೆಯಬೇಕೆನಿಸಿತು. ಅಯ್ಯೋ ಪಾಪ ಎಂದೂ ಅನಿಸಿತು. ಆ ಪಾಪ ಅನಿಸಿದ್ದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಏಕೆಂದರೆ ಅವನು ಕೇಳಿದ್ದು ಕಷ್ಟದ್ದೇನೂ ಅಲ್ಲ. ಎರಡು ಬೆರಳು ಎತ್ತಿದರೆ ಸಾಕು. ಲುಂಡ್‌ಗೆ ಸಂತೋಷ, ಟ್ರೆಂಟ್‌ಗೆ ಸಂತೋಷ, ಹುಡುಗಿಯ ಕೈಗೂ ಒಳ್ಳೆಯದು. ಚೆಂಡು ದಾರಿಯಲ್ಲೇ ಸೋತದ್ದು ಯಾಕೆಂದು ಈಗ ಅವಳಿಗೂ ಅರ್ಥವಾಯಿತು. ಕಾಲಲ್ಲ, ಕೈ. ಎತ್ತಿಬಿಡಲೇ ಎಂದುಕೊಂಡಳು. ಬಲಗೈ ಅರ್ಧ ಮೇಲಕ್ಕೂ ಹೋಯಿತು.

"ಬ್ಲೂ?"

ಟೆಸ್ಸಾ ದಿಬ್ಬದ ಅಂಚಿನವರೆಗೆ ಬಂದು ನಿಂತಿದ್ದಳು. ಅಪ್ಪ ಏನು ಹೇಳಿದನೆಂದು ಅವಳಿಗೆ ಕೇಳಿಸಿರಲಿಲ್ಲ. ಮುಖ ಬಿಸಿಲಿಗೆ ಕೆಂಡವಾಗಿತ್ತು, ಕೂದಲು ಹಣೆಗೆ ಅಂಟಿತ್ತು.

"ಗಾಯಕ್ಕೆ ಬಂದದ್ದು ಲೆಕ್ಕಕ್ಕಿಲ್ಲ ಅಲ್ವಾ ಬ್ಲೂ? ಲೈಬ್ರರೀಲಿ ನೀವೇ ಹೇಳಿದ್ರಿ. ಅಪ್ಪಂಗೆ ನೆನಪಿಲ್ಲ, ಅವನು ಪಾಠಕ್ಕೆ ಬಂದಿರಲಿಲ್ಲ. ಈಗ ಒಂದೇ ತಾನೇ?"

ಅವಳು ಗಾಬರಿಯಿಂದ ಕೇಳಲಿಲ್ಲ. ಗೊತ್ತಿದ್ದದ್ದನ್ನೇ ಕೇಳುವವರ ಹಾಗೆ ಕೇಳಿದಳು. ಲೋರೀನ್ ಎತ್ತಿದ ಕೈಯನ್ನು ಹಾಗೇ ಟೋಪಿಗೆ ಒಯ್ದು ಬೆವರು ಒರೆಸಿಕೊಂಡಳು.

"ಒಂದೇ," ಎಂದಳು.

ಆಮೇಲೆ ಟ್ರೆಂಟ್ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡು ಅವನಿಗಷ್ಟೇ ಕೇಳುವಂತೆ ಹೇಳಿದಳು. "ನಿನ್ನ ಮಗಳಿಗೆ ನಾನು ಸುಳ್ಳು ಹೇಳಲ್ಲ. ಈಗ್ಲೇ ಹೋಗಿ ನೀನೇ ಹೇಳು. ಇಳಿಸೋಕೆ ಹೋದ್ರೆ ನಾನು ತಡೆಯಲ್ಲ."

ಟ್ರೆಂಟ್ ಮಗಳನ್ನು ನೋಡಿದ. "ಚೆನ್ನಾಗಿ ಎಸೀ ಪುಟ್ಟಾ," ಎಂದ. ಎಂದವನೇ ಡಗೌಟ್‌ಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತುಬಿಟ್ಟ! ಆರಡಿ ಮೂರಂಗುಲದ ಗಂಡಸು! ಲೋರೀನ್‌ಗೆ ಕೈಲಿದ್ದ ಮುಖವಾಡವನ್ನು ಅವನ ತಲೆಗೆ ಎಸೆದುಬಿಡೋಣ ಎನಿಸಿತು. ಎಸೆಯುವಂತಿಲ್ಲ. ಅದಕ್ಕೂ ನಿಯಮವಿದೆ.

ಅವಳು ಪ್ಲೇಟ್ ಹಿಂದೆ ಹೋಗಿ ಕೂತಳು. ಟೆಸ್ಸಾ ಕಾಲೆತ್ತಿ, ಮೈ ತಿರುಗಿಸಿ, ಎಸೆದಳು. ಚೆಂಡು ಬ್ಯಾಟರ್‌ನ ಬೆನ್ನ ಹಿಂದಿನಿಂದ ಹಾದು ಬೇಲಿಗೆ ಬಡಿಯಿತು. ಮೊದಲ ಬೇಸ್‌ನಲ್ಲಿದ್ದ ಹುಡುಗ ಎರಡನೆಯದಕ್ಕೆ ಓಡಿದ, ಬೇಲಿಯ ಹಿಂದೆ ಆಲ್ಡರ್ ಕ್ರೀಕ್‌ನವರು ಕೇಕೆ ಹಾಕಿದರು. ಎಲ್ಲರೂ ಓಡುವ ಹುಡುಗನನ್ನು ನೋಡುತ್ತಿದ್ದರು. ಲೋರೀನ್ ಮಾತ್ರ ದಿಬ್ಬವನ್ನೇ ನೋಡುತ್ತಿದ್ದಳು. ಟೆಸ್ಸಾ ಬೆನ್ನು ತಿರುಗಿಸಿ, ಎಡಗೈಯ ಗ್ಲೌಸ್‌ನಲ್ಲಿ ಬಲ ಮೊಣಕೈಯನ್ನು ಒತ್ತಿ ಹಿಡಿದು, ಬಗ್ಗಿ ನಿಂತಿದ್ದಳು.

"ಟೈಮ್!" ಲೋರೀನ್ ಕಿರುಚಿದಳು. ಮುಖವಾಡ ಕಿತ್ತು ನೆಲಕ್ಕೆ ಹಾಕಿ ದಿಬ್ಬಕ್ಕೆ ನಡೆದಳು.

"ಬ್ಲೂ!" ಲುಂಡ್ ಮತ್ತೆ ಹೊರಗೆ. "ಬ್ಲೂ ದಿಬ್ಬಕ್ಕೆ ಹೋದ್ರೆ ಅದನ್ನ ಯಾವ ತಂಡದ ಲೆಕ್ಕಕ್ಕೆ ಹಾಕ್ತೀರಿ? ಅವರದ್ದೇ ತಾನೇ? ಅಲ್ಲಿಗೆ ಎರಡು!"

ಲೋರೀನ್ ನಿಂತಳು, ತಿರುಗಿದಳು. "ಲುಂಡ್! ನಾನೊಂದು ಮಗು ಹತ್ರ ಮಾತಾಡೋಕೆ ಹೋಗ್ತಾ ಇದ್ದೀನಿ. ಇನ್ನೊಂದು ಸಲ ಭೇಟಿ ಅನ್ನೋ ಪದ ನಿನ್ನ ಬಾಯಿಂದ ಬಂದ್ರೆ ನಿನ್ನನ್ನ ಇಲ್ಲಿಂದ ಹೊರಗೆ ಹಾಕ್ತೀನಿ. ನಿನ್ನ ಫೋನಲ್ಲಿ ಅದಕ್ಕೆ ನಿಯಮ ಇದ್ಯಾ ನೋಡ್ಕೋ. ಇದೆ!"

ಲುಂಡ್ ಫೋನನ್ನು ಜೇಬಿಗೆ ಹಾಕಿಕೊಂಡ. ಬೀಜ ಉಗಿಯುವುದೂ ನಿಂತಿತು.

ದಿಬ್ಬದ ಮೇಲೆ ಟೆಸ್ಸಾ, ಕ್ಯಾಚರ್ ಹಿಂದಿರುಗಿಸಿದ ಚೆಂಡನ್ನು ಬಲಗೈಯಲ್ಲಿ ಹಿಡಿದು, ನೆಟ್ಟಗೆ ನಿಂತು ಕೈ ಇಳಿಬಿಟ್ಟಿದ್ದಳು. ಏನೂ ಆಗಿಲ್ಲವೆಂಬ ಮುಖ. ಆದರೆ ತುಟಿ ಬಿಳಿಚಿತ್ತು.

"ಕೈ ನೀಡು ನೋಡೋಣ," ಎಂದಳು ಲೋರೀನ್.

"ಏನಾಗಿಲ್ಲ."

"ಆಗಿಲ್ಲ ಅಂದ್ರೆ ನೀಡು. ನೆಟ್ಟಗೆ."

ಟೆಸ್ಸಾ ನೀಡಿದಳು. ಮೊಣಕೈ ಅರ್ಧಕ್ಕೆ ಬಂದು ನಿಂತಿತು. ಅವಳು ಅದನ್ನೇ ನೋಡಿದಳು, ಅದು ಬೇರೆ ಯಾರದೋ ಕೈ ಎಂಬಂತೆ.

"ನೀವು ಇಳಿಸ್ತೀರಾ? ನಿಯಮದಲ್ಲಿ ಇದೆಯಾ?"

ಲೋರೀನ್‌ಗೆ ಮತ್ತೆ ಅದೇ ಸಂಕಟ. ಇದೆ ಎಂದುಬಿಟ್ಟರೆ ಮುಗಿಯಿತು, ಈ ಮಗು ಚೆಂಡು ಕೊಟ್ಟು ಇಳಿಯುತ್ತದೆ.

"ನಮ್ಮ ನಿಯಮದಲ್ಲಿ ಇಲ್ಲಮ್ಮ," ಎಂದಳು. "ಆಟ ನಿಲ್ಲಿಸೋದಷ್ಟೇ ನನ್ನ ಕೈಲಿರೋದು. ಇಳೀಬೇಕೋ ಬೇಡವೋ ಅನ್ನೋದು ನಿನಗೂ ನಿಮ್ಮಪ್ಪನಿಗೂ ಬಿಟ್ಟದ್ದು."

"ಅಪ್ಪಂಗೆ ಹೇಳ್ಬೇಡಿ ಬ್ಲೂ, ಪ್ಲೀಸ್. ಇನ್ನು ಇಬ್ಬರೇ ಔಟ್ ಆಗಬೇಕು."

"ಗೊತ್ತು ಅವನಿಗೆ. ನಿನ್ನೆ ರಾತ್ರಿಯಿಂದ ಗೊತ್ತು. ಆಗ ಗೆರೆ ಹತ್ರ ನಿಂತು ನನ್ನ ಹತ್ರ ಹೇಳಿದ್ದೇ ಅದನ್ನ. ಎರಡು ಅಂತ ಲೆಕ್ಕ ಹಾಕಿ ನಿನ್ನನ್ನ ಇಳಿಸಿ ಅಂತ ನನ್ನ ಕೇಳಿಕೊಂಡ."

ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂದು ಒಂದು ಕ್ಷಣ ಅನಿಸಿತು. ಅನಿಸಿದರೆ ಅನಿಸಲಿ. ಇವರಿಬ್ಬರ ನಡುವೆ ಗೋಡೆಯಾಗಿ ನಿಂತು ನಿಂತು ಅವಳಿಗೆ ಸಾಕಾಗಿತ್ತು. ಟೆಸ್ಸಾ ಡಗೌಟ್ ಕಡೆ ನೋಡಿದಳು. ಕಣ್ಣು ತುಂಬಿ ಬಂತು. ಅದು ನೋವಿನದ್ದಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು.

"ಟ್ರೆಂಟ್!" ಲೋರೀನ್ ಕೂಗಿದಳು. "ಬಾ ಇಲ್ಲಿ!"

ಟ್ರೆಂಟ್ ಓಡಿಬಂದ. ಓಡಿಬಂದವನು ಸುಣ್ಣದ ಗೆರೆಯ ಹತ್ತಿರ ಗಕ್ಕನೆ ನಿಂತ. ಕೆಳಗೆ ಗೆರೆ ನೋಡಿದ, ಮೇಲೆ ಲೋರೀನ್‌ಳನ್ನು ನೋಡಿದ.

"ಇದು ಲೆಕ್ಕಕ್ಕೆ ಬರುತ್ತಾ ಬ್ಲೂ?"

"ಬಾರಯ್ಯಾ!" ಲೋರೀನ್‌ಳ ದನಿ ಜೋಳದ ಹೊಲ ದಾಟಿ ಹೋಯಿತು. "ನಿನ್ನ ಲೆಕ್ಕ ಹಾಳಾಗ್ಲಿ! ನಿನ್ನ ಮಗಳು ಇಲ್ಲಿ ನಿಂತಿದ್ದಾಳೆ!"

ಅವನು ಬಂದ. ತಂದೆ ಮಗಳು ಎದುರುಬದುರು ನಿಂತರು. ಲೋರೀನ್ ನಡುವೆ ನಿಂತಿದ್ದಳು, ಅಲ್ಲಿಂದ ಸರಿದು ಪಕ್ಕಕ್ಕೆ ಹೋದಳು.

"ಅವರ ಹತ್ರ ಹೇಳೋಕೆ ಬಂತು," ಎಂದಳು ಟೆಸ್ಸಾ. "ನನ್ನ ಹತ್ರ ಹೇಳೋಕೆ ಬರಲಿಲ್ವಾ ನಿನಗೆ?"

"ನೀನು ಓಮಾಹಾಗೆ ಹೋಗ್ತೀನಿ ಅಂದಿದ್ದೆ."

"ಕೋಪ ಬಂದಿತ್ತು, ಅದಕ್ಕೆ ಅಂದೆ! ಅಷ್ಟೂ ಗೊತ್ತಾಗಲ್ವಾ?" ಅವಳ ದನಿ ಒಡೆಯಿತು. "ಊಟ ಮಾಡುವಾಗ ನೋಡ್ತಾನೇ ಇದ್ದೆ ನೀನು. ನಂಗೆ ಗೊತ್ತಿತ್ತು ನೋಡ್ತಿದ್ದೀಯಾ ಅಂತ. ಕೇಳ್ತಾನೆ, ಈಗ ಕೇಳ್ತಾನೆ ಅಂತ ಕೂತಿದ್ದೆ. ನೀನು ಎದ್ದು ಹೋಗಿ ಟಿವಿ ಹಾಕ್ದೆ!"

ಟ್ರೆಂಟ್ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಟೋಪಿ ತೆಗೆದು ಹಿಡಿದುಕೊಂಡ. ಡಗೌಟ್‌ನಲ್ಲಿ ಮಕ್ಕಳೆಲ್ಲ ಕಟಕಟೆಗೆ ಒರಗಿ ನೋಡುತ್ತಿದ್ದರು. ಲುಂಡ್ ಕೂಡ, ಹೇಳಬೇಕಾದ ಮಾತೇ, ಬೆನ್ನು ತಿರುಗಿಸಿ ನಿಂತಿದ್ದ.

"ನೋಯ್ತಾ ಇದೆಯಾ ಟೆಸ್ಸಾ?" ಎಂದು ಅವನು ಕೇಳಿದ.

ಕೇಳಿದ ಕೂಡಲೇ ಅವಳು ಅಳತೊಡಗಿದಳು. ಹನ್ನೆರಡು ವರ್ಷದ ಹುಡುಗಿ ಹಾಗಲ್ಲ, ಬಿದ್ದ ಪುಟ್ಟ ಮಗು ಅಮ್ಮನನ್ನು ಕಂಡ ಕೂಡಲೇ ಅಳುತ್ತದಲ್ಲ, ಹಾಗೆ.

"ತುಂಬಾ," ಎಂದಳು.

ಅವನು ಚೆಂಡಿಗಾಗಿ ಕೈ ಚಾಚಿದ. ಅವಳು ಗ್ಲೌಸನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ ಎಳೆದು ಕಳಚಿ, ಇಳಿಬಿದ್ದ ಬಲಗೈಯ ಬೆರಳುಗಳಿಂದ ಚೆಂಡನ್ನು ಎಡಗೈಯಿಂದಲೇ ಬಿಡಿಸಿಕೊಂಡು ಅವನಿಗೆ ಕೊಟ್ಟಳು. ಬಲಗೈ ಅಷ್ಟು ಎತ್ತರಕ್ಕೂ ಏಳುತ್ತಿರಲಿಲ್ಲ. ಅದನ್ನು ನೋಡಿದ ಟ್ರೆಂಟ್, ಚೆಂಡು ಹಿಡಿದುಕೊಂಡೇ, ಮಗಳ ಮುಂದೆ ದಿಬ್ಬದ ಮಣ್ಣಿನಲ್ಲಿ ಮಂಡಿಯೂರಿ ಕೂತುಬಿಟ್ಟ.

ಮುಂದಿನ ಪಿಚರ್ ಯಾರು ಎಂದು ಲೋರೀನ್ ಕೇಳಬೇಕಿತ್ತು. ಆಟ ಮುಂದುವರಿಸಲು ಹೊತ್ತೂ ಆಗಿತ್ತು. ಅವಳು ಅವರಿಬ್ಬರಿಗೆ ಬೆನ್ನು ಹಾಕಿ, ಬೇಲಿಯ ಕಡೆ ಮುಖ ಮಾಡಿ, ಯಾರೂ ಬಾಯಿ ತೆರೆಯದ ಹಾಗೆ ನೋಡುತ್ತ ನಿಂತಳು.